ಟಾರ್ಚು ಮಾವನ ಬಾಗಿಲು

ನನ್ನ ಸೋದರತ್ತೆಯ ಗಂಡನನ್ನು ಊರೆಲ್ಲ ಕರೆಯುವುದು ಟಾರ್ಚು ಮಾವ ಎಂದು. ನಿಜಕ್ಕೂ ಅವರು ಮಾವ ಆಗಬೇಕಾದದ್ದು ನನಗೊಬ್ಬಳಿಗೇ. ಉಳಿದವರದೆಲ್ಲ ಬಿಟ್ಟಿ ಸಂಬಂಧ. ಟಾಕೀಸಿನಲ್ಲಿ ಅವರು ಗೇಟ್‌ಕೀಪರ್. ಟಿಕೆಟ್ ಹರಿಯುವುದು, ಕತ್ತಲೆಯಲ್ಲಿ ಟಾರ್ಚು ಬಿಟ್ಟು ಸೀಟು ತೋರಿಸುವುದು, ಆಮೇಲೆ ಬಾಗಿಲು ಹಾಕಿ, ಕರ್ಟನ್ ಎಳೆದು, ಅದರ ಮುಂದೆ ಗೂಟ ಹೊಡೆದ ಹಾಗೆ ನಿಲ್ಲುವುದು. ಅವರಿಗೆ ತಿಳಿದಿರುವುದು ಇಷ್ಟೇ ಕೆಲಸ. ಆದರೆ ಅದನ್ನು ಅವರು ಮಾಡುವ ಗತ್ತು ನೋಡಿದರೆ, ಹೈಕೋರ್ಟಿನ ಜಡ್ಜು ಕೂಡ ಒಂದು ಕ್ಷಣ ತನ್ನ ಕೆಲಸದ ಬಗ್ಗೆ ಅನುಮಾನ ಪಡಬೇಕು.

ಷೋ ಶುರುವಾದ ಮೇಲೆ ಬಾಗಿಲು ತೆಗೆಯುವ ಮಾತೇ ಇಲ್ಲ. ತೆಗೆದರೆ ಹೊರಗಿನ ಬೆಳಕು ಸೀದಾ ಹೋಗಿ ಪರದೆಗೆ ಬಡಿಯುತ್ತದೆ, ಅಲ್ಲಿ ಅಳುತ್ತಿರುವ ನಾಯಕಿಯ ಕೆನ್ನೆಯ ಮೇಲೆ ಬಿಳಿ ಪಟ್ಟೆ ಬೀಳುತ್ತದೆ, ಅವಳ ಜೊತೆ ಅಳುತ್ತಿದ್ದವರೆಲ್ಲ ತಟ್ಟನೆ ಎಚ್ಚೆತ್ತು ಪಕ್ಕದವರ ಮುಖ ನೋಡುತ್ತಾರೆ. ಇದು ಮಾವನ ಸಿದ್ಧಾಂತ. ಒಮ್ಮೆ ಟಾಕೀಸಿನ ಮಾಲೀಕರ ಭಾವಮೈದುನನೇ ತಡವಾಗಿ ಬಂದ. ಮಾವ ಅವನನ್ನು ಇಂಟರ್‌ವಲ್‌ವರೆಗೆ ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಅವನು ಹಾರಾಡಿದ, ಕೂಗಾಡಿದ, ನಾನು ಯಾರು ಗೊತ್ತೇನಯ್ಯಾ ಎಂದ. ಮಾವ ಟಾರ್ಚನ್ನು ಅವನ ಮುಖಕ್ಕೇ ಬಿಟ್ಟು ನೋಡಿ, "ಗೊತ್ತು. ಲೇಟಾಗಿ ಬಂದೋರು," ಎಂದರು. ಮಾಲೀಕರು ಕೇಳಿ ನಕ್ಕು ಸುಮ್ಮನಾದರಂತೆ. ಇಲ್ಲವಾದರೆ ಅತ್ತೆಯ ಸಂಸಾರ ಅಂದೇ ಬೀದಿಗೆ ಬರುತ್ತಿತ್ತು.

ಇನ್ನೊಂದು ವಿಷಯ, ಗುಟ್ಟು. ಯಾವ ಚಿತ್ರದ ಕೊನೆಯನ್ನೂ ಮಾವ ಬಾಯಿ ಬಿಡುವವರಲ್ಲ. ಕೊನೇಲಿ ಏನಾಗುತ್ತೆ ಮಾವ ಎಂದು ಯಾರು ಕೇಳಿದರೂ ಒಂದೇ ಉತ್ತರ: "ಹೇಳಲ್ಲ. ಒಳಗೆ ಹೋಗಿ ಕೂತು ನೋಡಿ." ಒಂದು ಸಲ ಕೊಲೆಗಾರ ಯಾರೆಂದು ತಿಳಿಯುವ ಹಟಕ್ಕೆ ಬಿದ್ದು ಅತ್ತೆ ವಾರವಿಡೀ ಅಡುಗೆಗೆ ಉಪ್ಪು ಹಾಕದೆ ಬಡಿಸಿದಳು. ಮಾವ ಆ ಸಪ್ಪೆ ಊಟವನ್ನು ಚಪ್ಪರಿಸಿಕೊಂಡು ಉಂಡು, ಕೈ ತೊಳೆದು, "ಹೇಳಲ್ಲ" ಎಂದು ಕೆಲಸಕ್ಕೆ ಹೋದರು. ಕೊನೆಗೆ ಅತ್ತೆಯೇ ಟಿಕೆಟ್ ತೆಗೆದುಕೊಂಡು ಹೋಗಬೇಕಾಯಿತು. ಮಾವ ಅವಳ ಟಿಕೆಟನ್ನೂ ಹರಿದು, ಪರಿಚಯವೇ ಇಲ್ಲದವರ ಹಾಗೆ ಟಾರ್ಚು ಬಿಟ್ಟು ಸೀಟು ತೋರಿಸಿದರಂತೆ. ಆ ಕಥೆ ಹೇಳುವಾಗ ಅತ್ತೆಗೆ ಇವತ್ತಿಗೂ ಪಿತ್ತ ನೆತ್ತಿಗೇರುತ್ತದೆ.

ತಮಾಷೆ ಏನೆಂದರೆ, ಜೀವಮಾನವಿಡೀ ಟಾಕೀಸಿನಲ್ಲೇ ಕಳೆದ ಈ ಮನುಷ್ಯ ಒಂದು ಚಿತ್ರವನ್ನೂ ಸೀಟಿನಲ್ಲಿ ಕೂತು ನೋಡಿದವರಲ್ಲ. ಕರ್ಟನ್ನಿನ ಪಕ್ಕದಲ್ಲಿ, ಒಂದು ಕಿವಿ ಒಳಗೆ, ಒಂದು ಕಿವಿ ಹೊರಗೆ. ಕೂತರೆ ಬಾಗಿಲು ಯಾರು ನೋಡುತ್ತಾರೆ?

ಟಾಕೀಸಿನಲ್ಲಿ ಹೀಗಿದ್ದವರು ಚರ್ಚಿನಲ್ಲಿ ಬೇರೆ ಹೇಗಿರುತ್ತಾರೆ? ನಮ್ಮದು ತಾತನ ಕಾಲದಿಂದ ಚರ್ಚಿಗೆ ಹೋಗುವ ಮನೆ. ಮಾವ ನಮ್ಮವರಲ್ಲ, ಅವರ ಮನೆಯವರ ದಾರಿ ಬೇರೆ, ದೇವರು ಬೇರೆ. ಅತ್ತೆಯೂ ಅವರೂ ಒಬ್ಬರನ್ನೊಬ್ಬರು ಮೆಚ್ಚಿ, ತಾತನ ಜೊತೆ ಗುದ್ದಾಡಿ ಮದುವೆಯಾದವರು. ಮದುವೆಯಾದಾಗಿನಿಂದ ಮಾವ ಪ್ರತಿ ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿ, ಅತ್ತೆಯ ಛತ್ರಿ ಹಿಡಿದು, ಅವಳನ್ನು ಚರ್ಚಿನ ಬಾಗಿಲವರೆಗೆ ತಂದು ಬಿಡುತ್ತಾರೆ. ಅಲ್ಲಿಂದ ಮುಂದೆ ಒಂದು ಹೆಜ್ಜೆ ಇಡುವುದಿಲ್ಲ. ಹೊಸ್ತಿಲ ಈಚೆಗೆ, ವರಾಂಡದಲ್ಲಿ ಒಂದು ಮರದ ಬೆಂಚಿದೆ. ಪೂಜೆ ಮುಗಿಯುವವರೆಗೆ ಅದರ ಮೇಲೆ ಕೂತಿರುತ್ತಾರೆ. ಅತ್ತೆ ಹೊರಗೆ ಬಂದ ಕೂಡಲೇ ಎದ್ದು ಛತ್ರಿ ಬಿಡಿಸುತ್ತಾರೆ. ಯಾಕೆ ಮಾವ ಒಳಗೆ ಬರಲ್ಲ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. "ನಂದು ಬಾಗಿಲ ಕೆಲಸ ಕಣೇ," ಎಂದು ಹಲ್ಲು ಬಿಡುತ್ತಾರೆ.

ಒಳಗೆ ಅತ್ತೆಯದು ಎಡಗಡೆಯ ಸಾಲಿನ ಕೊನೆಯ ಬೆಂಚು. ಅವಳು ಕೂತ ಮೇಲೆ ಪಕ್ಕದ ಜಾಗದಲ್ಲಿ ತನ್ನ ಕಂದು ಬಣ್ಣದ ಬ್ಯಾಗು ಇಡುತ್ತಾಳೆ. ಚರ್ಚು ಎಷ್ಟೇ ತುಂಬಿ ತುಳುಕಲಿ, ಆ ಬ್ಯಾಗು ಏಳುವುದಿಲ್ಲ. ಗರ್ಭಿಣಿಯೊಬ್ಬಳು ಬಂದರೆ ಅತ್ತೆ ತಾನೇ ಎದ್ದು ನಿಂತು ತನ್ನ ಜಾಗ ಕೊಟ್ಟಾಳೇ ಹೊರತು ಬ್ಯಾಗಿನ ಜಾಗ ಕೊಡಲಾರಳು. ಚಿಕ್ಕವಳಿದ್ದಾಗ ನಾನು ಆ ಬ್ಯಾಗಿನಲ್ಲಿ ಬಂಗಾರ ಇದೆ ಎಂದುಕೊಂಡಿದ್ದೆ. ಕೈ ಹಾಕಿ ನೋಡಿದರೆ ಕೆಮ್ಮಿನ ಮಾತ್ರೆ, ಕರವಸ್ತ್ರ ಮತ್ತು ಕನ್ನಡಕದ ಖಾಲಿ ಡಬ್ಬಿ.

ಈಗ ವಿಷಯಕ್ಕೆ ಬರುತ್ತೇನೆ. ಅತ್ತೆಯ ಎದೆ ಸೋತಿದೆ. ಉಸಿರು ಸಾಲದು. ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು; ಅವಳ ಮಾತ್ರೆಯ ಡೋಸು ಏರುತ್ತಿರುವುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ನನಗೆ. ಚರ್ಚಿನ ಮೆಟ್ಟಿಲು ಹತ್ತುವುದನ್ನು ಬಿಡಬೇಕು, ಇನ್ನು ಮನೆಯಲ್ಲೇ ಪ್ರಾರ್ಥನೆ ಮಾಡಿಕೊಳ್ಳಲಿ ಎಂದು ಡಾಕ್ಟರು ಹೇಳಿಯಾಗಿತ್ತು. ಅಂದು ಆಸ್ಪತ್ರೆಯಿಂದ ಬರುವ ದಾರಿಯಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡು, "ಒಂದೇ ಒಂದು ಸಲ ಅವರು ನನ್ನ ಪಕ್ಕದಲ್ಲಿ ಕೂತಿದ್ರೆ ಸಾಕಿತ್ತು ಕಣೇ. ಆಮೇಲೆ ಮೆಟ್ಟಿಲು ಹತ್ತದೇ ಇದ್ರೂ ಪರವಾಗಿಲ್ಲ," ಎಂದಳು. ಆಗ ನನಗೆ ಬ್ಯಾಗಿನ ಅರ್ಥ ಗೊತ್ತಾಯಿತು.

"ಹೇಳಿಬಿಡು ಅತ್ತೆ ಅವರಿಗೆ," ಎಂದೆ.

"ಹೇಳಿ ಕರೆಸ್ಕೊಳ್ಳೋದಾ? ಸುಮ್ನಿರು. ನೀನೂ ಬಾಯಿ ಬಿಟ್ರೆ ನೋಡು," ಎಂದು ಕಣ್ಣು ಕೆಂಪಗೆ ಮಾಡಿದಳು. ಗಂಡನಿಗೆ ತಕ್ಕ ಹೆಂಡತಿ. ಒಬ್ಬರು ಕೊಲೆಗಾರನ ಹೆಸರು ಹೇಳುವುದಿಲ್ಲ, ಇನ್ನೊಬ್ಬಳು ಮನಸ್ಸಿನ ಮಾತು ಹೇಳುವುದಿಲ್ಲ. ಇಂಥ ಇಬ್ಬರ ನಡುವೆ ಸಿಕ್ಕಿಕೊಂಡವಳ ಪಾಡು ಯಾರಿಗೂ ಬೇಡ.

ಆ ಹೊತ್ತಿಗೆ ನಮ್ಮ ಚರ್ಚಿಗೆ ಹೊಸ ಫಾದರ್ ಬಂದಿದ್ದರು. ವಯಸ್ಸು ಸಣ್ಣದು, ಓದು ದೊಡ್ಡದು, ಗ್ರೀಕ್ ಎಂದರೆ ಪ್ರಾಣ. ಬುಧವಾರ ಸಂಜೆ ಚರ್ಚಿನ ಪಕ್ಕದ ಸಭಾಂಗಣದಲ್ಲಿ ಹಳೆಯ ಕಾಲದ ಕ್ರೈಸ್ತರ ಬಗ್ಗೆ ಪಾಠ ಇಟ್ಟುಕೊಂಡರು. ಜನ ಸೇರಿದ್ದು ಬಿಸ್ಕತ್ತಿಗೆ ಎಂದು ನಾನು ಹೇಳಿದರೆ ಪಾಪ ಬರುತ್ತದೆ, ಆದರೆ ಬಿಸ್ಕತ್ತು ಮುಗಿದ ದಿನ ಅರ್ಧ ಸಭಾಂಗಣ ಖಾಲಿ ಇರುತ್ತಿತ್ತು. ಅತ್ತೆಯನ್ನು ಕರೆದುಕೊಂಡು ನಾನು ಒಳಗೆ ಕೂರುತ್ತಿದ್ದೆ. ಮಾವ ಎಂದಿನಂತೆ ಹೊರಗೆ, ಕಿಟಕಿಯ ಕೆಳಗೆ ಸೈಕಲ್ ನಿಲ್ಲಿಸಿ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಸಂಜೆಯ ಷೋಗೆ ಹೊತ್ತಾಯಿತೆಂದರೆ ಎದ್ದು ಹೋಗುತ್ತಿದ್ದರು.

ಆ ಬುಧವಾರ ಫಾದರ್ ಬೋರ್ಡಿನ ಮೇಲೆ ಒಂದು ಪದ ಬರೆದರು: ಮಿಸ್ತೇರಿಯೊನ್.

"ಗುಟ್ಟು ಅಂತ ಇಟ್ಕೊಳ್ಳಿ," ಎಂದರು. "ಮೊದಲು ಇದು ಗ್ರೀಕರ ಹಳೇ ದೇವರುಗಳ ಗುಪ್ತ ಪೂಜೆಗಳಿಗೆ ಇದ್ದ ಹೆಸರು. ದೀಕ್ಷೆ ತಗೊಂಡೋರಿಗೆ ಮಾತ್ರ ಪ್ರವೇಶ. ಒಳಗೆ ಏನು ನೋಡಿದ್ರೋ ಅದನ್ನ ಹೊರಗೆ ಬಂದು ಯಾರಿಗೂ ಹೇಳೋ ಹಾಗಿಲ್ಲ. ಬಾಯಿ ಮುಚ್ಚೋದು, ಕಣ್ಣು ಮುಚ್ಚೋದು ಅನ್ನೋ ಮಾತಿಂದಲೇ ಈ ಪದ ಹುಟ್ಟಿರಬೇಕು ಅಂತಾರೆ ತಿಳಿದೋರು."

ಕಿಟಕಿಯ ಆಚೆ ಮಾವನ ತಲೆ ಕಾಣಿಸಿತು. ಕಟ್ಟೆಯಿಂದ ಎದ್ದು ನಿಂತಿದ್ದರು.

"ಮುಂದೆ ನಮ್ಮೋರೂ ಇದೇ ಪದ ಬಳಸಿದ್ರು. ದೀಕ್ಷಾಸ್ನಾನಕ್ಕೆ, ರೊಟ್ಟಿ ದ್ರಾಕ್ಷಾರಸದ ಪವಿತ್ರ ಊಟಕ್ಕೆ ಮಿಸ್ತೇರಿಯೊನ್ ಅಂತ ಹೇಳೋ ರೂಢಿ ಬಂತು. ಎಷ್ಟೋ ಕಡೆ ಹೇಗಿತ್ತು ಗೊತ್ತಾ? ಪಾದ್ರಿ ಹೇಳೋ ಪ್ರಸಂಗ ಎಲ್ಲರೂ ಕೇಳಬಹುದು. ಅದು ಮುಗಿದ ಮೇಲೆ, ಇನ್ನೂ ದೀಕ್ಷಾಸ್ನಾನ ಆಗದೇ ಇದ್ದೋರು ಎದ್ದು ಹೊರಗೆ ಹೋಗಬೇಕು. ಬಾಗಿಲು ಹಾಕ್ತಿದ್ರು. ಬಾಗಿಲು ನೋಡ್ಕೊಳ್ಳೋಕೆ ಅಂತಲೇ ಜನ ಇರ್ತಿದ್ರು. ಒಳಗೆ ಪೂಜೆ ನಡೀವಾಗ ಸುಮ್ಸುಮ್ನೆ ಬಾಗಿಲು ತೆಗೆಯೋ ಹಾಗಿರಲಿಲ್ಲ."

ಮಾವನ ಮುಖ ನೋಡಬೇಕಿತ್ತು! ಕಿಟಕಿಯ ಸರಳು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ತನ್ನ ಕೆಲಸ ಇಷ್ಟು ಹಳೆಯದು, ಇಷ್ಟು ದೊಡ್ಡದು ಎಂದು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಫಾದರ್ ಚಹಾಕ್ಕೆ ಬಿಡುವು ಕೊಟ್ಟರು. ಮಾವ ಸೈಕಲ್ ಹತ್ತಿ ಟಾಕೀಸಿಗೆ ಹೊರಟರು. ಸೈಕಲ್ ಓಡಿಸುತ್ತಲೇ ಬೆನ್ನು ನೆಟ್ಟಗೆ ಮಾಡಿಕೊಂಡದ್ದು ನನಗೆ ಕಿಟಕಿಯಿಂದ ಕಾಣಿಸಿತು.

ಚಹಾ ಆದ ಮೇಲೆ ಪಾಠದ ಎರಡನೆಯ ಅರ್ಧ ಇತ್ತು. ಅದರಲ್ಲಿ ಫಾದರ್ ಇದೇ ಪದವನ್ನು ಪೂರ್ತಿ ತಿರುಗಿಸಿ ಹಾಕಿದರಂತೆ. ಅಂತೆ ಎನ್ನುತ್ತಿರುವುದು ಯಾಕೆಂದರೆ ದಿನವಿಡೀ ಅಂಗಡಿಯಲ್ಲಿ ನಿಂತ ನನಗೆ ಜೊಂಪು ಹತ್ತಿತ್ತು. ಅತ್ತೆ ಮಾತ್ರ ಕಣ್ಣು ಮಿಟುಕಿಸದೆ ಕೇಳಿದಳು. ದಾರಿಯುದ್ದಕ್ಕೂ ಏನನ್ನೋ ಯೋಚಿಸುತ್ತ ನಡೆದಳು.

ಶನಿವಾರ ಮಾವ ಫಾದರ್ ಬಳಿ ಹೋದರು. ಫಾದರ್ ಚರ್ಚಿನ ಮುಂದೆ ಏಣಿ ಹತ್ತಿ ಟ್ಯೂಬ್‌ಲೈಟಿನ ಜೊತೆ ಹೆಣಗುತ್ತಿದ್ದರು. ನಾನು ಅತ್ತೆಯ ಮಾತ್ರೆ ಕೊಡಲೆಂದು ಅದೇ ದಾರಿಯಲ್ಲಿ ಬಂದವಳು ನಿಂತು ನೋಡಿದೆ.

"ಫಾದರ್, ಆ ಕಾಲದಲ್ಲಿ ಬಾಗಿಲು ನೋಡ್ಕೊಳ್ತಿದ್ದೋರು ಈಗ ಇಲ್ವಾ?"

"ಎಲ್ಲಿದ್ದಾರೆ! ನೀವು ಆಗ ಇದ್ದಿದ್ರೆ ಆ ಕೆಲಸ ನಿಮಗೇ ಕೊಡ್ತಿದ್ರು ನೋಡಿ," ಎಂದು ಫಾದರ್ ಮೇಲಿನಿಂದಲೇ ನಕ್ಕರು.

"ಈಗ ಕೊಟ್ರೂ ಮಾಡ್ತೀನಿ."

"ಕೊಟ್ಟಾಯ್ತು ತಗೊಳ್ಳಿ! ಮೊದಲು ಆ ಸ್ಟಾರ್ಟರ್ ಈ ಕಡೆ ಕೊಡಿ."

ಮಾವ ಸ್ಟಾರ್ಟರ್ ಕೊಟ್ಟರು. ಫಾದರ್ ತಮಾಷೆ ಮಾಡಿದ್ದನ್ನು ಮರೆತರು. ಮಾವ ಮರೆಯಲಿಲ್ಲ. ಕೆಲಸದ ವಿಷಯದಲ್ಲಿ ತಮಾಷೆ ಎನ್ನುವುದೊಂದು ಇದೆ ಎಂದು ಅವರಿಗೆ ಗೊತ್ತೇ ಇಲ್ಲ.

ಮರುದಿನ ಭಾನುವಾರ. ಡಾಕ್ಟರ ಮಾತು ಕೇಳದೆ ಮೆಟ್ಟಿಲು ಹತ್ತಿದ ಅತ್ತೆಯನ್ನು ಮಾವ ಒಳಗೆ ಕಳಿಸಿ ಎಂದಿನಂತೆ ಬೆಂಚಿನ ಮೇಲೆ ಕೂತರು. ಪ್ಯಾಂಟಿನ ಜೇಬಿನಲ್ಲಿ ಉಬ್ಬಿಕೊಂಡಿದ್ದದ್ದು ಟಾರ್ಚು ಎಂದು ನಾನು ಗಮನಿಸಿದ್ದರೆ ಒಳ್ಳೆಯದಿತ್ತು. ಪ್ರಸಂಗ ಮುಗಿಯುವ ಹೊತ್ತಿಗೆ ಅತ್ತೆಗೆ ಕೆಮ್ಮು ಶುರುವಾಯಿತು. ನಿಲ್ಲಲೇ ಇಲ್ಲ. ಬ್ಯಾಗನ್ನು ಅಲ್ಲೇ ಜಾಗಕ್ಕೆ ಕಾವಲು ಬಿಟ್ಟು, ನಾನು ಅವಳನ್ನು ಪಕ್ಕದ ಬಾಗಿಲಿನಿಂದ ಚರ್ಚಿನ ಹಿಂದಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋದೆ. ಅವಳು ನೀರು ಕುಡಿದು, ಗೋಡೆಗೆ ಒರಗಿ, ಉಸಿರು ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗೆ ನಡೆದದ್ದನ್ನು ಆಮೇಲೆ ಸಂಗೀತದ ಮೇಷ್ಟ್ರು ನನಗೆ ಹೇಳಿದರು.

ಪ್ರಸಂಗ ಮುಗಿಸಿ ಫಾದರ್ ಪೀಠದ ಕಡೆ ತಿರುಗಿದ್ದೇ ತಡ, ಹೊಸ್ತಿಲ ಈಚೆಗೆ ಮಾವ ಎದ್ದು ನಿಂತರು. ಒಳಗೆ ಕಾಲಿಡಲಿಲ್ಲ. ಅಲ್ಲಿಂದಲೇ ಟಾರ್ಚು ಹಾಕಿದರು. ಬೆಳಕಿನ ಚುಕ್ಕೆ ಬೆಂಚುಗಳ ಮೇಲೆ ಹರಿದು, ಕೀಬೋರ್ಡಿನ ಮುಂದೆ ಕೂತಿದ್ದ ಸಂಗೀತದ ಮೇಷ್ಟ್ರ ಮೂಗಿನ ಮೇಲೆ ನಿಂತಿತು. ಮೇಷ್ಟ್ರಿಗೆ ದೀಕ್ಷಾಸ್ನಾನ ಆಗಿಲ್ಲ. ಅವರು ಹಾಡುಗಾರರ ಜೊತೆ ನುಡಿಸಲು ಹೊರಗಿನಿಂದ ಬರುವವರು. ಬೆಳಕು ಎರಡು ಸಲ ಮಿಟುಕಿ ಅವರನ್ನು ಕರೆಯಿತು. ನೀವು ಎದ್ದು ಯಾಕೆ ಹೋದಿರಿ ಮೇಷ್ಟ್ರೇ ಎಂದು ನಾನು ಕೇಳಿದೆ. "ಏನ್ ಹೇಳ್ಲಿ ತಾಯಿ, ಚಿಕ್ಕಂದಿನಿಂದ ಆ ಟಾರ್ಚು ಹೇಳಿದ ಕಡೆ ಹೋಗಿ ಅಭ್ಯಾಸ," ಎಂದರು. ಅದು ನಿಜ. ಆ ಟಾರ್ಚಿಗೆ ನಮ್ಮ ಇಡೀ ಊರು ಹೆದರುತ್ತದೆ. ಮೇಷ್ಟ್ರ ಹಿಂದೆ ಫ್ಯಾನು ರಿಪೇರಿಗೆ ಬಂದು ಕೂತಿದ್ದ ಎಲೆಕ್ಟ್ರಿಷಿಯನ್ ಎದ್ದ. ಅವನ ಹಿಂದೆ, ಪೀಠಕ್ಕೆ ಹೂವು ತಂದುಕೊಟ್ಟು ಹಾಡು ಕೇಳುತ್ತ ಕೂತಿದ್ದ ಹೂವಮ್ಮ, ನನ್ನದೇನು ತಪ್ಪು ಎಂದು ಗೊಣಗುತ್ತ ಎದ್ದಳು. ಮೂವರೂ ಹೊರಗೆ ಬಂದ ಮೇಲೆ ಮಾವ ದೊಡ್ಡ ಬಾಗಿಲಿನ ಎರಡೂ ಕದಗಳನ್ನು ಸದ್ದಾಗದ ಹಾಗೆ ಎಳೆದುಕೊಂಡರು. ಪಕ್ಕದ ಬಾಗಿಲನ್ನೂ ಹೋಗಿ ಹಾಕಿ ಬಂದರು. ಆಮೇಲೆ ದೊಡ್ಡ ಬಾಗಿಲಿಗೆ ಬೆನ್ನು ಕೊಟ್ಟು ಕೈ ಕಟ್ಟಿ ನಿಂತರು.

ಪಕ್ಕದ ಬಾಗಿಲು ಹಾಕಿದ್ದರಿಂದ ನಾವು ನಲ್ಲಿಯಿಂದ ಸುತ್ತಿಕೊಂಡು ಮುಂದೆ ಬಂದಾಗ ಕಂಡದ್ದು ಈ ದೃಶ್ಯ. ಒಳಗೆ ಕೀಬೋರ್ಡಿನ ಆಸರೆಯಿಲ್ಲದೆ ಫಾದರ್ ಒಬ್ಬರೇ ಹಾಡು ಎತ್ತಿಕೊಂಡಿದ್ದರು. ಅದು ತೀರಾ ಮೇಲಿನ ಸ್ವರದಲ್ಲಿ ಶುರುವಾಗಿ, ಜನರೆಲ್ಲ ಅದರ ಹಿಂದೆ ಏದುಸಿರು ಬಿಡುತ್ತ ಹತ್ತುತ್ತಿದ್ದರು. ಹೊರಗೆ ಮೇಷ್ಟ್ರು ಬೆಂಚಿನ ಮೇಲೆ ಕೂತು ಕಿವಿ ಮುಚ್ಚಿಕೊಂಡಿದ್ದರು.

"ಏನ್ರೀ ಇದು?" ಎಂದಳು ಅತ್ತೆ.

"ಬಾಗಿಲು ಹಾಕಿದೆ."

"ಕಾಣಿಸ್ತಿದೆ. ತೆಗೀರಿ."

"ಶುರುವಾದ ಮೇಲೆ ತೆಗೆಯೋ ಹಾಗಿಲ್ಲ."

"ರೀ, ನಂಗೆ ದೀಕ್ಷಾಸ್ನಾನ ಆಗಿದೆ ರೀ! ಹುಟ್ಟಿದ ತಿಂಗಳಲ್ಲೇ ಆಗಿದೆ!"

"ಆಗಿರಬಹುದು. ಆದ್ರೆ ಲೇಟಾಗಿ ಬಂದಿದ್ದೀಯ."

ನನಗೆ ರೇಗಿಹೋಯಿತು. ನನ್ನ ಬಾಯಿ ಮೊದಲೇ ಜೋರು. "ಮಾವ, ನಿಮಗೇನು ತಲೆ ಕೆಟ್ಟಿದೆಯಾ? ಅತ್ತೆಗೆ ನಿಲ್ಲೋಕೆ ಆಗ್ತಿಲ್ಲ. ಕಣ್ಣು ಕಾಣಿಸಲ್ವಾ?" ಎಂದೆ. ಮಾವ ತಬ್ಬಿಬ್ಬಾದರು. ಅತ್ತೆಯ ಮುಖ ನೋಡಿದರು, ಬಾಗಿಲು ನೋಡಿದರು, ಮತ್ತೆ ಅತ್ತೆಯನ್ನು ನೋಡಿದರು. ಮೇಷ್ಟ್ರನ್ನು ಎಬ್ಬಿಸಿ ಅವಳನ್ನು ಬೆಂಚಿನ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ಮೇಷ್ಟ್ರು, ಎಲೆಕ್ಟ್ರಿಷಿಯನ್, ಹೂವಮ್ಮ ಮೂವರೂ ಮೆಲ್ಲಗೆ ಮೆಟ್ಟಿಲ ಕಡೆ ಜಾರಿಕೊಂಡರು. ಗಂಡ ಹೆಂಡಿರ ಜಗಳ ಎಂದರೆ ಯಾರಿಗಾದರೂ ಗೊತ್ತಾಗುತ್ತದಲ್ಲ. ನಾನು ಜಾರಲಿಲ್ಲ.

ಅತ್ತೆ ಬೆಂಚನ್ನು ಕೈಯಿಂದ ಸವರಿ ನೋಡಿದಳು. ಇಷ್ಟು ವರ್ಷದಲ್ಲಿ ಅವಳು ಅದರ ಮೇಲೆ ಒಂದು ಸಲವೂ ಕೂತಿರಲಿಲ್ಲ. "ಇದೇನಾ ನಿಮ್ಮ ಸಿಂಹಾಸನ?" ಎಂದಳು. ಆಮೇಲೆ ಇದ್ದಕ್ಕಿದ್ದಂತೆ ಅಳು ಬಂದುಬಿಟ್ಟಿತು. "ನೀವು ಒಳಗೆ ಬರಲ್ಲ. ಈಗ ನನ್ನನ್ನೂ ಹೊರಗೆ ಹಾಕಿದ್ರಿ. ನಾನು ನಿಮಗೆ ಏನ್ ಮಾಡಿದ್ದೆ?"

ಮಾವ ಟಾರ್ಚನ್ನು ಕೈಯಿಂದ ಕೈಗೆ ಬದಲಾಯಿಸಿದರು. "ನಾನು ಬರೋ ಹಾಗಿಲ್ಲ ಕಣೇ."

"ಯಾಕೆ?"

"ಇಲ್ಲ ಅಂದ್ರೆ ಇಲ್ಲ. ಬಿಡು."

"ನಮ್ಮಪ್ಪ ಬೇಡ ಅಂದಿದ್ರು ಅಂತ ತಾನೆ?"

ಮಾವನ ಕೈಯಲ್ಲಿದ್ದ ಟಾರ್ಚು ಜಾರಿ ತೊಡೆಯ ಮೇಲೆ ಬಿತ್ತು. ನನಗೂ ಇದು ಹೊಸ ಸುದ್ದಿ. ಮದುವೆಯ ಹಿಂದಿನ ದಿನ ನನ್ನ ತಾತ, ಅಂದರೆ ಅತ್ತೆಯ ಅಪ್ಪ, ಮಾವನನ್ನು ಒಬ್ಬರನ್ನೇ ಕರೆದು, "ಮಗಳನ್ನು ಕೊಡ್ತೀನಿ. ಆದ್ರೆ ಚರ್ಚಿನ ಬಾಗಿಲವರೆಗೆ ಬಾ, ಒಳಗೆ ಬೇಡ. ಮಾತು ಕೊಡು," ಎಂದಿದ್ದರಂತೆ. ಮಾವ ಮಾತು ಕೊಟ್ಟರು. ಕೊಟ್ಟ ಮೇಲೆ ಮುಗಿಯಿತಲ್ಲ, ಅವರ ಸ್ವಭಾವ ಗೊತ್ತೇ ಇದೆ. ತಾತ ಹೋಗಿ ಯಾವುದೋ ಕಾಲವಾಯಿತು, ಮಾವ ಇನ್ನೂ ಬಾಗಿಲಲ್ಲೇ ಇದ್ದಾರೆ.

"ನಿನಗೆ ಯಾರು ಹೇಳಿದ್ರು?" ಎಂದರು ಮಾವ. "ನಿನಗೆ ಗೊತ್ತಾಗ್ಬಾರದು ಅಂತ ನಾನು... ನಿಮ್ಮಪ್ಪ ಅಂದ್ರೆ ನಿನಗೆ ಜೀವ. ಹೀಗಂದ್ರು ಅಂತ ಗೊತ್ತಾದ್ರೆ ಅವರ ಮೇಲೆ ನಿನ್ನ ಮನಸ್ಸು ಮುರಿಯುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ."

"ಅಪ್ಪನೇ ಹೇಳಿದ್ರು. ಸಾಯೋ ಮುಂಚೆ." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಳಿಯನನ್ನ ಬಾಗಿಲಲ್ಲಿ ನಿಲ್ಲಿಸಿದ್ದು ನನ್ನ ತಪ್ಪು, ಒಳಗೆ ಕರ್ಕೊಂಡು ಹೋಗು ಅಂದ್ರು."

ಒಳಗೆ ಹಾಡು ಮುಗಿದಿತ್ತು.

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?" ಎಂದರು ಮಾವ.

"ನಾಚಿಕೆ ಆಯ್ತು ರೀ. ನಮ್ಮಪ್ಪ ನಿಮ್ಮನ್ನ ಹೊರಗೆ ನಿಲ್ಲಿಸಿದ್ರು ಅನ್ನೋದನ್ನ ನನ್ನ ಬಾಯಲ್ಲಿ ಹೇಗೆ ಹೇಳ್ಲಿ? ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಆಗ್ಲೇ ಇಲ್ಲ. ಆಮೇಲೆ ಅನ್ನಿಸ್ತು, ಅಪ್ಪ ಹೇಳಿದ್ರು ಅಂತ ಇವರು ಬರೋದು ಬೇಡ, ನನ್ನ ಪಕ್ಕ ಕೂರ್ಬೇಕು ಅಂತ ಅನ್ನಿಸಿ ಬರ್ಲಿ. ಬ್ಯಾಗು ಇಟ್ಕೊಂಡು ಕಾದೆ."

ಅಯ್ಯೋ ದೇವರೇ! ಅಪ್ಪನ ಮರ್ಯಾದೆ ಉಳಿಸಲು ಒಬ್ಬರು ಹೊರಗೆ, ಅಪ್ಪನ ಮರ್ಯಾದೆ ಉಳಿಸಲು ಇನ್ನೊಬ್ಬಳು ಒಳಗೆ. ನಡುವೆ ಒಂದು ಹೊಸ್ತಿಲು. ಇಬ್ಬರನ್ನೂ ಹಿಡಿದು ತಲೆಗೆ ತಲೆ ಗುದ್ದಿಸಬೇಕು ಎನ್ನಿಸಿತು ನನಗೆ. ಹಾಗೇ ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಳ್ಳಬೇಕು ಎಂದೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಯಾರೂ ನೋಡಬಾರದೆಂದು ಗೋಡೆಯ ಕಡೆ ತಿರುಗಿ ನಿಂತೆ.

ಮಾವ ಬಾಗಿಲ ಕಡೆ ನೋಡಿ ಹೇಳಿದರು: "ಆದ್ರೂ ಈಗ ಹೇಗೆ? ಫಾದರ್ ಹೇಳಿದ್ದಾರಲ್ಲ. ನನ್ನಂಥೋರು ಹೊರಗೇ ಇರ್ಬೇಕು ಅಂತ."

"ನೀವು ಅರ್ಧ ಪಾಠ ಕೇಳಿ ಎದ್ದು ಹೋದ್ರಿ," ಎಂದಳು ಅತ್ತೆ. ಈಗ ಅವಳ ದನಿಯಲ್ಲಿ ಹಳೆಯ ಖಾರ ವಾಪಸು ಬಂದಿತ್ತು. "ಇನ್ನೊಬ್ಬರಿಗೆ ಇಂಟರ್‌ವಲ್‌ನಲ್ಲಿ ಎದ್ದು ಹೋಗ್ಬೇಡಿ ಅಂತ ಬೈತೀರ. ಬಾಗಿಲು ಹಾಕೋ ಪದ್ಧತಿ ಆಮೇಲೆ ಬಂದಿದ್ದಂತೆ, ಈಗ ಯಾರನ್ನೂ ಹೊರಗೆ ಕಳಿಸಲ್ಲ ಅಂತ ಫಾದರೇ ಅಂದ್ರು. ಅದಕ್ಕೂ ಮುಂಚೆ, ಎಲ್ಲಕ್ಕಿಂತ ಮೊದಲು ಬರೆದ, ಬೈಬಲಿನಲ್ಲಿರೋ ಪತ್ರಗಳಲ್ಲಿ ಆ ಪದಕ್ಕೆ ಬೇರೆ ಅರ್ಥ. ಯಾರಿಗೂ ಗೊತ್ತಾಗದ ಗುಟ್ಟು ಅಂತ ಅಲ್ವಂತೆ. ಬಹಳ ಕಾಲ ಮುಚ್ಚಿಟ್ಟಿದ್ದು, ಈಗ ಎಲ್ಲರಿಗೂ ಬಾಯಿ ಬಿಟ್ಟು ಹೇಳಿರೋ ಗುಟ್ಟು ಅಂತ."

"ಹೇಳಿಬಿಟ್ರೆ ಅದು ಗುಟ್ಟು ಹೇಗಾಗುತ್ತೆ?" ಮಾವನ ವೃತ್ತಿಗೇ ಪೆಟ್ಟು ಬಿದ್ದ ಹಾಗಿತ್ತು.

"ಅದನ್ನ ಫಾದರ್‌ನ ಕೇಳಿ. ಆ ಗುಟ್ಟು ಏನು ಅಂತ ಬೇಕಾದ್ರೆ ನಾನು ಹೇಳ್ತೀನಿ. ಹೊರಗಿನೋರು ಅಂತ ಯಾರನ್ನ ದೂರ ಇಟ್ಟಿದ್ರೋ ಅವರೂ ಇದೇ ಮನೆಯೋರು. ಅಷ್ಟೇ. ಅದನ್ನೇ ಅಷ್ಟು ದಿನ ಮುಚ್ಚಿಟ್ಟಿದ್ದಂತೆ." ಅತ್ತೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. "ಇನ್ನು ನಂಗೆ ಮೆಟ್ಟಿಲು ಹತ್ತೋಕೆ ಆಗಲ್ಲ ರೀ. ಇದೇ ಕೊನೇದಿರಬಹುದು. ಬಾಗಿಲು ತೆಗೀರಿ."

ಮಾವ ಎದ್ದರು. ಬಾಗಿಲ ಮುಂದೆ ನಿಂತರು. ಮಾಲೀಕರ ಭಾವಮೈದುನನಿಗೆ ತೆಗೆಯದ ಕೈ ಅದು. ಅದನ್ನು ಹಿಡಿಯ ಮೇಲೆ ಇಟ್ಟು, ತೆಗೆದು, ಮತ್ತೆ ಇಟ್ಟರು. "ಬೆಳಕು ಬೀಳುತ್ತೆ," ಎಂದು ಗೊಣಗಿದರು.

"ಬೀಳ್ಲಿ," ಎಂದಳು ಅತ್ತೆ.

ಮಾವ ಬಾಗಿಲು ತೆಗೆದರು. ಬೆಳಗಿನ ಬಿಸಿಲು ನಡುದಾರಿಯುದ್ದಕ್ಕೂ ಹೋಗಿ ಪೀಠದವರೆಗೆ ಬಿತ್ತು, ಜನರೆಲ್ಲ ತಿರುಗಿ ನೋಡಿದರು, ಫಾದರ್ ಒಂದು ಕ್ಷಣ ಮಾತು ನಿಲ್ಲಿಸಿದರು. ಯಾರ ಪ್ರಾಣವೂ ಹೋಗಲಿಲ್ಲ. ಮಾವ ಮೆಟ್ಟಿಲ ಕಡೆ ತಿರುಗಿ ಮೇಷ್ಟ್ರು, ಎಲೆಕ್ಟ್ರಿಷಿಯನ್, ಹೂವಮ್ಮ ಮೂವರಿಗೂ ಬನ್ನಿ ಬನ್ನಿ ಎಂದು ಟಾರ್ಚಿನಲ್ಲೇ ಸನ್ನೆ ಮಾಡಿದರು. ಮೇಷ್ಟ್ರು ಓಡಿಹೋಗಿ ಕೀಬೋರ್ಡಿನ ಮುಂದೆ ಕೂತದ್ದನ್ನು ನೋಡಿ ಫಾದರ್‌ಗೆ ಹೋದ ಜೀವ ಬಂದಂತಾಯಿತು. ಅವರು ಮುಂದುವರಿಸಿದರು.

ಆಮೇಲೆ ಮಾವ ಅತ್ತೆಯ ಮುಂದೆ ಟಾರ್ಚು ಬಿಟ್ಟರು. ಹಾಡಹಗಲು, ಮೇಲೆ ಟ್ಯೂಬ್‌ಲೈಟು ಉರಿಯುತ್ತಿದೆ, ಆದರೂ ಬಿಟ್ಟರು. ಅವಳ ಪಾದದ ಮುಂದೆ ಒಂದು ಮೊಳದಷ್ಟು ನೆಲಕ್ಕೆ ಬೆಳಕು ಹಿಡಿದು, ತಡವಾಗಿ ಬಂದವರನ್ನು ಕರೆದೊಯ್ಯುವ ಅದೇ ನಡಿಗೆಯಲ್ಲಿ, ಹೊಸ್ತಿಲು ದಾಟಿದರು. ದಾಟಿದ್ದು ಅವರಿಗೇ ಗೊತ್ತಾಗಲಿಲ್ಲ ಎಂದು ನನಗೆ ಅನುಮಾನ. ಎಡಗಡೆಯ ಕೊನೆಯ ಬೆಂಚಿಗೆ ಬಂದು, ಅತ್ತೆಯ ಜಾಗಕ್ಕೆ ಬೆಳಕು ಬಿಟ್ಟು ತೋರಿಸಿ, ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿದರು.

ಅತ್ತೆ ಅವರ ಅಂಗಿಯ ತೋಳು ಹಿಡಿದುಕೊಂಡಳು. ಇನ್ನೊಂದು ಕೈಯಿಂದ ಕಂದು ಬ್ಯಾಗನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

ಮಾವ ಆ ಖಾಲಿ ಜಾಗವನ್ನು ನೋಡಿದರು. ಅವರಿಗೆ ಕೂರಲು ಬರಲಿಲ್ಲ. ಬೆಂಚಿನ ತುದಿಯಲ್ಲಿ ಅರ್ಧ ಕೂತು, ಅರ್ಧ ಬಾಗಿಲ ಕಡೆ ತಿರುಗಿಕೊಂಡರು. ಟಾರ್ಚು ಇನ್ನೂ ಉರಿಯುತ್ತಲೇ ಇತ್ತು. ಅತ್ತೆ ಅದನ್ನು ಅವರ ಕೈಯಿಂದ ತೆಗೆದುಕೊಂಡು, ಆರಿಸಿ, ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು. ಆಗ ಮಾವ ನಿಧಾನವಾಗಿ ಹಿಂದಕ್ಕೆ ಒರಗಿದರು. ಪೀಠದ ಮೇಲೆ ಫಾದರ್ ರೊಟ್ಟಿಯನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಿದ್ದರು. ಮಾವ ಮೊದಲ ಸಲ ಚಿತ್ರ ನೋಡುತ್ತಿರುವ ಮಗುವಿನ ಹಾಗೆ ಅದನ್ನೇ ನೋಡಿದರು. ಆಮೇಲೆ ಅತ್ತೆಯ ಕಿವಿಯ ಹತ್ತಿರ ಬಾಗಿ, ಹಿಂದೆ ನಿಂತಿದ್ದ ನನಗೂ ಕೇಳಿಸುವಷ್ಟು ಜೋರಾಗಿ ಪಿಸುಗುಟ್ಟಿದರು:

"ಕೊನೇಲಿ ಏನಾಗುತ್ತೆ?"

ಅತ್ತೆ ಮುಂದೆ ನೋಡುತ್ತಲೇ ಅವರ ಕೈ ಹಿಡಿದುಕೊಂಡಳು.

"ಹೇಳಲ್ಲ," ಎಂದಳು. "ಕೂತು ನೋಡಿ."